ತಲೆಯ ಬಳಿ ನಿಂತವರು

ಕಳೆದ ದೀಪಾವಳಿಯ ಮಾರನೆಯ ದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹೈಸ್ಕೂಲಿನಲ್ಲಿ ಎರಡನೆಯ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದ, ಕೇಳಿದರೆ ಮಾತ್ರ ಉತ್ತರ ಹೇಳುತ್ತಿದ್ದ ಹುಡುಗಿ. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಕೊಲ್ಲಿ ದೇಶದಲ್ಲಿ ನಾಲ್ಕು ವರ್ಷ ದುಡಿದು, ಅಲ್ಲಿಂದ ಅಮೆರಿಕೆಗೆ ಹೋದವಳು. "ಈಗ ಯಾವ ಆಸ್ಪತ್ರೆಯಲ್ಲಿದ್ದೀಯಮ್ಮಾ?" ಎಂದು ಕೇಳಿದೆ. "ಯಾವ ಆಸ್ಪತ್ರೆಯಲ್ಲೂ ಇಲ್ಲ ಮೇಡಂ. ಎಂಟು ವಾರ ಒಂದು ಕಡೆ, ಹದಿಮೂರು ವಾರ ಇನ್ನೊಂದು ಕಡೆ. ಜನರಿಗೆ ನಿದ್ದೆ ಬರಿಸುವ ಕೆಲಸ" ಎಂದಳು. ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡಿನಲ್ಲಿ ಮೂವತ್ತು ವರ್ಷದಿಂದ ನಾನೂ ಅದೇ ಕೆಲಸವನ್ನು ಮಾಡುತ್ತ ಬಂದಿದ್ದೇನೆ, ಅದಕ್ಕೆ ಅಮೆರಿಕೆಯ ತನಕ ಹೋಗಬೇಕಾಗಿತ್ತೆ ಎಂದೆ. ಇಬ್ಬರೂ ನಕ್ಕೆವು.

ಆಮೇಲೆ ಅವಳು ವಿವರಿಸಿದಳು. ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವುದು, ಆಪರೇಷನ್ ಮುಗಿಯುವವರೆಗೂ ಅವರ ಉಸಿರು, ನಾಡಿ, ರಕ್ತದ ಒತ್ತಡವನ್ನು ಕಾಯುವುದು, ಮುಗಿದ ಮೇಲೆ ಎಚ್ಚರಿಸುವುದು. ಹಾಗಾದರೆ ನೀನು ಡಾಕ್ಟರಾದೆಯಾ ಎಂದೆ. "ಇಲ್ಲ ಮೇಡಂ, ನರ್ಸೇ" ಎಂದಳು. ನನಗೆ ಆಶ್ಚರ್ಯವಾಯಿತು. ನಮ್ಮಲ್ಲಿ ಈ ಕೆಲಸ ಡಾಕ್ಟರದು. ಅದಕ್ಕೆಂದೇ ಎಂ.ಡಿ. ಮಾಡಿದವರು ಇದ್ದಾರೆ. ಅಮೆರಿಕೆಯಂಥ ದೇಶದಲ್ಲಿ, ಪ್ರತಿಯೊಂದಕ್ಕೂ ತಜ್ಞರಿರುವ ಕಡೆ, ನರ್ಸುಗಳ ಕೈಗೆ ಈ ಕೆಲಸ ಹೇಗೆ ಬಂತು? ಚರಿತ್ರೆ ಪಾಠ ಮಾಡುವವಳಿಗೆ ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ಹೊರಗೆ ಹೋಗುವುದಿಲ್ಲ. ಅವಳು ಹೊರಟ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಂತೆಲ್ಲ ನನ್ನದೇ ಬದುಕಿನ ಒಂದು ರಾತ್ರಿ ನೆನಪಿಗೆ ಬರುತ್ತ ಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

1846ರ ಅಕ್ಟೋಬರ್ 16ರಂದು ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯ ಒಬ್ಬ ರೋಗಿಗೆ ಈಥರ್ ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯ ಎಂದು ತೋರಿಸಿದ. ಮಾರನೆಯ ವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದ. ಇಷ್ಟನ್ನು ವಿಜ್ಞಾನದ ಪಾಠಗಳೂ ಹೇಳುತ್ತವೆ. ಹೇಳದೆ ಬಿಡುವುದು ಮುಂದಿನದನ್ನು. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಯ ಕಾಲಿನ ಉಗುರು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಹುಡುಗಿ ಸತ್ತಳು. ಕಾಲ್ಬೆರಳಿನ ಉಗುರಿಗಾಗಿ! ನನ್ನ ಎದುರಿಗೆ ದಿನವೂ ಕೂರುವುದು ಅದೇ ವಯಸ್ಸಿನ ಹುಡುಗಿಯರು. ಆ ಸಾಲನ್ನು ಓದಿ ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ.

ನೋವು ನಿಲ್ಲಿಸುವುದು ಸುಲಭವಾಗಿತ್ತು, ನಿಲ್ಲಿಸುವವರು ಯಾರು ಎಂಬುದೇ ತೀರ್ಮಾನವಾಗಿರಲಿಲ್ಲ. ಅಮೆರಿಕೆಯಲ್ಲಿ ಅರಿವಳಿಕೆಯ ಬಟ್ಟೆ ಹಿಡಿಯುವ ಕೆಲಸ ಕಿರಿಯ ವೈದ್ಯನಿಗೋ, ವಿದ್ಯಾರ್ಥಿಗೋ, ಕೈಗೆ ಸಿಕ್ಕ ಇನ್ನಾರಿಗೋ ಬೀಳುತ್ತಿತ್ತು. ಅವನಿಗೆ ಶಸ್ತ್ರವೈದ್ಯನಾಗುವ ಆಸೆ. ಕಣ್ಣೆಲ್ಲ ಚಾಕುವಿನ ಮೇಲೆ, ರೋಗಿಯ ಮುಖದ ಮೇಲಲ್ಲ. ಈ ಕೆಲಸಕ್ಕೆ ಹೆಸರಿಲ್ಲ, ಹಣವೂ ಇಲ್ಲ. ಇದ್ದಷ್ಟೂ ಶಸ್ತ್ರವೈದ್ಯನ ಸಂಭಾವನೆಯಿಂದ ಕಿತ್ತು ಕೊಟ್ಟದ್ದು. ರೋಗಿಗಳು ಸಾಯುತ್ತಿದ್ದರು. ಬೇಸತ್ತ ಶಸ್ತ್ರವೈದ್ಯರು ಸುತ್ತ ನೋಡಿದರು. ಅವರ ಕಣ್ಣಿಗೆ ಬಿದ್ದವರು ಕ್ರೈಸ್ತ ಸಂನ್ಯಾಸಿನಿಯರು. ಕೊಟ್ಟ ಕೆಲಸವನ್ನು ಬಿಟ್ಟು ಆಚೀಚೆ ನೋಡದವರು, ಚಾಕು ಹಿಡಿಯುವ ಹಂಬಲವಿಲ್ಲದವರು, ಸಂಬಳ ಕೇಳದವರು. ಈ ಕೊನೆಯ ಗುಣವೂ ಲೆಕ್ಕಕ್ಕೆ ಬಂದಿರಬೇಕು ಎಂದು ನನ್ನ ಗುಮಾನಿ. 1877ರಲ್ಲಿ ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಈ ಕೆಲಸಕ್ಕೆ ನಿಂತರು. ಅರಿವಳಿಕೆಯನ್ನೇ ತನ್ನ ವೃತ್ತಿಯಾಗಿ ಮಾಡಿಕೊಂಡ ಮೊದಲ ನರ್ಸ್ ಎಂದು ಹೆಸರಿಟ್ಟು ಹೇಳಬಹುದಾದವರು ಅವರೇ.

ಇಂಗ್ಲೆಂಡಿನ ದಾರಿ ಬೇರೆಯಾಯಿತು. ಅಲ್ಲಿ ಜಾನ್ ಸ್ನೋನಂಥ ವೈದ್ಯರು ಮೊದಲಿನಿಂದಲೂ ಅರಿವಳಿಕೆಯನ್ನು ತಮ್ಮ ವಿದ್ಯೆಯಾಗಿ ಹಿಡಿದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವನು ಅವನೇ. ರಾಣಿಗೆ ಕೊಟ್ಟ ಮೇಲೆ ಆ ಕೆಲಸದ ಘನತೆ ಏರದೆ ಇರುತ್ತದೆಯೇ? ನಮ್ಮ ವೈದ್ಯಪದ್ಧತಿ ಇಂಗ್ಲೆಂಡಿನಿಂದ ಬಂದದ್ದು, ಹಾಗಾಗಿ ನಮ್ಮಲ್ಲೂ ಅದು ವೈದ್ಯರ ಕೈಯಲ್ಲೇ ಉಳಿಯಿತು. ನಮ್ಮ ಬೀದರ, ಗುಲ್ಬರ್ಗಾ, ರಾಯಚೂರುಗಳು ಯಾವ ನಿಜಾಮನ ಆಳ್ವಿಕೆಯಲ್ಲಿದ್ದವೋ ಅವನ ಹೈದರಾಬಾದಿನಲ್ಲೇ 1888 ಮತ್ತು 1889ರಲ್ಲಿ ಕ್ಲೋರೋಫಾರ್ಮಿನ ಸಾವುಗಳ ಬಗ್ಗೆ ಎರಡು ಆಯೋಗಗಳು ಪ್ರಯೋಗ ನಡೆಸಿದವು. ಅಲ್ಲಿನ ವೈದ್ಯಶಾಲೆಯಲ್ಲೇ ಓದಿದ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆ ಆ ನಗರದ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕ್ಲೋರೋಫಾರ್ಮ್ ಕೊಟ್ಟರು. ಅರಿವಳಿಕೆ ಕೊಡುವುದನ್ನೇ ವೃತ್ತಿ ಮಾಡಿಕೊಂಡ ವೈದ್ಯೆಯರಲ್ಲಿ ಜಗತ್ತಿನಲ್ಲೇ ಮೊದಲಿಗರೆಂದು ಅವರನ್ನು ಗಣಿಸುತ್ತಾರೆ. ಅವರ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಇದೆಯೇ ಎಂದು ಹುಡುಕಿದೆ. ನನ್ನ ಕೈಗೆ ಸಿಗಲಿಲ್ಲ.

ಮತ್ತೆ ಅಮೆರಿಕೆಗೆ ಹೋಗೋಣ. ಮಿನೆಸೋಟಾ ರಾಜ್ಯದ ರಾಚೆಸ್ಟರ್ ಆಗ ಒಂದು ಸಣ್ಣ ಊರು. ಅಲ್ಲಿ ಮೇಯೋ ಎಂಬ ಅಣ್ಣತಮ್ಮಂದಿರು, ಸಂನ್ಯಾಸಿನಿಯರು 1889ರಲ್ಲಿ ತೆರೆದ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅರಿವಳಿಕೆ ಕೊಡುತ್ತಿದ್ದ ಈಡಿತ್ ಗ್ರಹಾಂ ಎಂಬ ನರ್ಸ್ 1893ರಲ್ಲಿ ಕಿರಿಯ ಮೇಯೋನನ್ನು ಮದುವೆಯಾಗಿ ಕೆಲಸ ಬಿಟ್ಟಳು. ಆ ಜಾಗಕ್ಕೆ ಬಂದವಳು ಅವಳ ಗೆಳತಿ ಆಲಿಸ್ ಮಗಾ.

ಈ ಆಲಿಸ್ ಬಗ್ಗೆ ಎಷ್ಟು ಓದಿದರೂ ನನಗೆ ಸಾಕಾಗಲಿಲ್ಲ. ಆಗಿನ ರೂಢಿ ಏನೆಂದರೆ, ರೋಗಿಯ ಮೂಗು ಬಾಯಿಗಳ ಮೇಲೆ ಈಥರ್ ಸುರಿದ ಬಟ್ಟೆಯನ್ನು ಒತ್ತಿ ಹಿಡಿಯುವುದು. ರೋಗಿ ಉಸಿರುಕಟ್ಟಿ ಒದ್ದಾಡುತ್ತಿದ್ದ, ನಾಲ್ಕು ಜನ ಅದುಮಿ ಹಿಡಿಯುತ್ತಿದ್ದರು. ಆಲಿಸ್ ಹಾಗೆ ಮಾಡಲಿಲ್ಲ. ತೆಳುಬಟ್ಟೆಯ ಮುಸುಕಿನ ಮೇಲೆ ಒಂದೊಂದೇ ಹನಿ ಬಿಡುತ್ತಿದ್ದಳು. ಹನಿ ಬಿಡುತ್ತ ರೋಗಿಯ ಜೊತೆ ಮಾತಾಡುತ್ತಿದ್ದಳು. ಹೆದರಬೇಡಿ, ನಿಧಾನವಾಗಿ ಉಸಿರೆಳೆಯಿರಿ, ಈಗ ಹೀಗಾಗುತ್ತದೆ, ಆಮೇಲೆ ಹೀಗಾಗುತ್ತದೆ ಎಂದು. ಮನಸ್ಸು ಶಾಂತವಾದರೆ ಕಡಿಮೆ ಔಷಧಿ ಸಾಕು, ಕಡಿಮೆ ಔಷಧಿಯಾದರೆ ಅಪಾಯವೂ ಕಡಿಮೆ ಎಂಬುದು ಅವಳು ಕಂಡುಕೊಂಡ ಸತ್ಯ. ಪ್ರತಿಯೊಬ್ಬ ರೋಗಿಯೂ ಬೇರೆ, ಅಳತೆಯನ್ನು ಗಡಿಯಾರ ನೋಡಿ ಅಲ್ಲ, ಅವರ ಮುಖ ನೋಡಿ ನಿರ್ಧರಿಸಬೇಕು ಎಂಬುದು ಅವಳ ಕ್ರಮ. 1906ರಲ್ಲಿ ಅವಳು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತನ್ನ ಲೆಕ್ಕವನ್ನು ಪ್ರಕಟಿಸಿದಳು. 14,000ಕ್ಕೂ ಹೆಚ್ಚು ಅರಿವಳಿಕೆಗಳು. ಅರಿವಳಿಕೆಯೇ ನೇರ ಕಾರಣವಾದ ಸಾವು ಒಂದೂ ಇಲ್ಲ. ಎರಡು ವರ್ಷದ ಮೇಲೆ ಒಬ್ಬ ವೈದ್ಯನನ್ನು ಮದುವೆಯಾದಳು, ಅಲ್ಲಿಗೆ ಕೆಲಸವೂ ನಿಂತಿತು. ಆ ಕಾಲ ಹಾಗಿತ್ತು ಎಂದು ನಾವು ಹೇಳಿಬಿಡುತ್ತೇವೆ. ಕಾಲಕ್ಕೇನು, ಅದರ ಮೇಲೆ ಏನು ಬೇಕಾದರೂ ಹೊರಿಸಬಹುದು.

ಕ್ಲೀವ್‌ಲೆಂಡಿನಲ್ಲಿ ಜಾರ್ಜ್ ಕ್ರೈಲ್ ಎಂಬ ಶಸ್ತ್ರವೈದ್ಯನ ಜೊತೆ ದುಡಿದ ಅಗಾಥಾ ಹಾಜಿನ್ಸ್ ಇನ್ನೊಂದು ಬಗೆಯವಳು. ಕೆನಡಾದಿಂದ ಬಂದವಳು, ಗಟ್ಟಿಗಿತ್ತಿ. 1915ರ ಆರಂಭದಲ್ಲಿ, ಅಮೆರಿಕ ಇನ್ನೂ ಮಹಾಯುದ್ಧಕ್ಕೆ ಇಳಿಯದೆ ಇದ್ದಾಗಲೇ, ಕ್ರೈಲ್‌ನ ತಂಡದ ಜೊತೆ ಪ್ಯಾರಿಸ್ ಪಕ್ಕದ ನ್ಯೂಯಿಯ ಅಮೆರಿಕನ್ ಆಸ್ಪತ್ರೆಗೆ ಹೋಗಿ ಗಾಯಗೊಂಡ ಸೈನಿಕರಿಗೆ ಅರಿವಳಿಕೆ ಕೊಟ್ಟಳು, ಇತರರಿಗೂ ಕಲಿಸಿದಳು. ಅಮೆರಿಕೆಯ ಒಂದೊಂದು ವಿಶ್ವವಿದ್ಯಾಲಯದ ತಂಡ ಮೂರು ಮೂರು ತಿಂಗಳು ಸರದಿಯಂತೆ ಅಲ್ಲಿಗೆ ಹೋಗುವ ಏರ್ಪಾಡು. ನನ್ನ ವಿದ್ಯಾರ್ಥಿನಿಯ ಹದಿಮೂರು ವಾರಗಳ ಕರಾರಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಓದುವಾಗ ನನಗೆ ಅದೇ ನೆನಪಾಯಿತು. ತಿರುಗಿ ಬಂದ ಹಾಜಿನ್ಸ್ ಅದೇ ವರ್ಷ ಕ್ಲೀವ್‌ಲೆಂಡಿನ ಲೇಕ್‌ಸೈಡ್ ಆಸ್ಪತ್ರೆಯಲ್ಲಿ ಶಾಲೆ ತೆರೆದಳು. 1931ರಲ್ಲಿ ಅರಿವಳಿಕೆ ನರ್ಸುಗಳ ರಾಷ್ಟ್ರೀಯ ಸಂಘ ಕಟ್ಟಿದಳು.

ಕೆಲಸಕ್ಕೆ ಮಾನ ಬಂದ ಕೂಡಲೇ ಹಕ್ಕುದಾರರು ಹುಟ್ಟಿಕೊಂಡರು. ಅಮೆರಿಕೆಯಲ್ಲೂ ವೈದ್ಯರು ಅರಿವಳಿಕೆಯನ್ನು ತಮ್ಮ ವೃತ್ತಿ ಮಾಡಿಕೊಳ್ಳತೊಡಗಿದರು. ನರ್ಸುಗಳು ಅರಿವಳಿಕೆ ಕೊಡುವುದೆಂದರೆ ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದಂತೆ ಎಂದು ವಾದ ಹೂಡಿದರು. 1917ರಲ್ಲಿ ಕೆಂಟಕಿಯಲ್ಲಿ, 1936ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಪುಗಳಾದವು. ಎರಡನೆಯದು ಡ್ಯಾಗ್ಮಾರ್ ನೆಲ್ಸನ್ ಎಂಬ ನರ್ಸಿನ ಮೇಲೆ ಹಾಕಿದ್ದು. ಮೇಯೋದವರ ಬಳಿ ಕೆಲಸ ಮಾಡಿ ಲಾಸ್ ಏಂಜಲೀಸಿಗೆ ಬಂದಿದ್ದವಳು. ಎರಡರಲ್ಲೂ ನರ್ಸುಗಳೇ ಗೆದ್ದರು. ಆದರೆ ಹೇಗೆ ಗೆದ್ದರು ನೋಡಿ: ಅವಳು ಶಸ್ತ್ರವೈದ್ಯನ ಆದೇಶದ ಮೇಲೆ, ಅವನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾಳೆ, ಆದ್ದರಿಂದ ಅದು ವೈದ್ಯವೃತ್ತಿಯಲ್ಲ ಎಂದು. ಎಂದರೆ, ತಲೆಯ ಬಳಿ ನಿಂತು ಕ್ಷಣಕ್ಷಣಕ್ಕೂ ತೀರ್ಮಾನ ಮಾಡುತ್ತಿರುವವಳು ಅವಳೇ ಆದರೂ, ಆ ತೀರ್ಮಾನ ಅವಳದಲ್ಲ ಎಂದು ಒಪ್ಪಿಕೊಂಡರೆ ಮಾತ್ರ ಕೆಲಸ ಅವಳದು. ಈ ಮುಳ್ಳು ಮುಂದಿನ ಅರವತ್ತು ಎಪ್ಪತ್ತು ವರ್ಷ ಅವರ ಕಾಲಲ್ಲಿ ಉಳಿಯಿತು.

ಆ ಮುಳ್ಳು ಸ್ವಲ್ಪ ಸಡಿಲವಾದದ್ದು ಹಣದ ಮೂಲಕ. ಅಲ್ಲಿ ಮುದುಕರ ವೈದ್ಯವೆಚ್ಚವನ್ನು ಸರ್ಕಾರವೇ ಭರಿಸುವ ಮೆಡಿಕೇರ್ ಎಂಬ ಯೋಜನೆಯಿದೆ. 1986ರ ಕಾನೂನು, ಅರಿವಳಿಕೆ ನರ್ಸುಗಳು ಆ ಯೋಜನೆಗೆ ತಮ್ಮ ಹೆಸರಿನಲ್ಲೇ ಬಿಲ್ಲು ಸಲ್ಲಿಸಬಹುದು ಎಂದಿತು. ತನ್ನ ಹೆಸರಿನಲ್ಲಿ ಬಿಲ್ಲು ಬರೆಯಬಲ್ಲವಳು ತನ್ನ ಕಾಲಮೇಲೆ ನಿಲ್ಲಬಲ್ಲಳು. 2001ರ ನವೆಂಬರಿನಲ್ಲಿ ಇನ್ನೊಂದು ನಿಯಮ ಬಂತು: ಯಾವುದೇ ರಾಜ್ಯದ ಗವರ್ನರ್ ಬರೆದು ತಿಳಿಸಿದರೆ ಆ ರಾಜ್ಯದಲ್ಲಿ ವೈದ್ಯನ ಮೇಲ್ವಿಚಾರಣೆಯ ಮೆಡಿಕೇರ್ ಷರತ್ತನ್ನು ಕೈಬಿಡಬಹುದು. ಅಯೋವಾ ಮೊದಲು ಬರೆಯಿತು. ನೆಬ್ರಾಸ್ಕಾ, ಕಾನ್ಸಾಸ್, ಉತ್ತರ ಡಕೋಟಾ, ಮೊಂಟಾನಾ ಹಿಂಬಾಲಿಸಿದವು. ನಕಾಶೆ ತೆಗೆದು ನೋಡಿದರೆ ಹೆಚ್ಚಿನವು ವಿಶಾಲ ಬಯಲಿನ, ಜನ ವಿರಳವಾದ ರಾಜ್ಯಗಳು. ತಜ್ಞವೈದ್ಯರು ಹೋಗಿ ನೆಲೆಸಲು ಒಪ್ಪದ ಊರುಗಳಿರುವ ಕಡೆ. ವೈದ್ಯರ ಸಂಘ ಇದನ್ನು ಇಂದಿಗೂ ವಿರೋಧಿಸುತ್ತದೆ. ಕ್ಲಿಷ್ಟ ಸಂದರ್ಭದಲ್ಲಿ ವೈದ್ಯನ ಓದು ಬೇಕೇ ಬೇಕು ಎಂಬ ಅವರ ಮಾತನ್ನು ತಳ್ಳಿಹಾಕುವ ವಿದ್ಯೆ ನನಗಿಲ್ಲ. ಆದರೆ ಆ ವೈದ್ಯ ಇನ್ನೂರು ಮೈಲಿ ದೂರದ ನಗರದಲ್ಲಿದ್ದರೆ ಅವನ ಓದಿನಿಂದ ಈ ಊರಿನ ಬಸುರಿಗೆ ಏನು ಬಂತು?

ನನ್ನ ವಿದ್ಯಾರ್ಥಿನಿ ಹೋಗುವುದು ಇಂಥ ಊರುಗಳಿಗೇ. 1997ರ ಕಾನೂನಿನಂತೆ ಅಲ್ಲಿ ಸಣ್ಣ ಆಸ್ಪತ್ರೆಗಳಿಗೆ ಒಂದು ವಿಶೇಷ ದರ್ಜೆಯಿದೆ. ಹಾಸಿಗೆಗಳು 25ಕ್ಕೆ ಮೀರಬಾರದು, ಸಾಮಾನ್ಯವಾಗಿ ಇನ್ನೊಂದು ಆಸ್ಪತ್ರೆಯಿಂದ 35 ಮೈಲಿಗಿಂತ ದೂರವಿರಬೇಕು. ಅಲ್ಲಿ ಇರುವುದು ಒಬ್ಬನೋ ಇಬ್ಬರೋ ಅರಿವಳಿಕೆ ನರ್ಸ್. ಅವರು ರಜೆ ಹೋದರೆ, ಕಾಯಿಲೆ ಬಿದ್ದರೆ, ನಿವೃತ್ತರಾದರೆ ಆಪರೇಷನ್ ಕೋಣೆಗೆ ಬೀಗ. ಆಗ ಏಜೆನ್ಸಿಯವರು ಇವಳಂಥವರನ್ನು ಹುಡುಕಿ ಕಳಿಸುತ್ತಾರೆ. ಹೀಗೆ ತಾತ್ಕಾಲಿಕವಾಗಿ ಜನ ಒದಗಿಸುವ ವ್ಯವಹಾರ ಅಲ್ಲಿ 1970ರ ದಶಕದ ಕೊನೆಯಲ್ಲಿ ಶುರುವಾಯಿತು. ಪಶ್ಚಿಮದ ಹಳ್ಳಿಗಾಡಿನ ವೈದ್ಯರು ರಜೆ ಹೋದಾಗ ಬದಲಿ ವೈದ್ಯರನ್ನು ಕಳಿಸುವ ಏರ್ಪಾಡಾಗಿ ಮೊಳೆತದ್ದು.

ಸುಮ್ಮನೆ ಪೆಟ್ಟಿಗೆ ಹಿಡಿದು ಹೊರಡುವಂತಿಲ್ಲ. ನರ್ಸಿಂಗ್ ಪದವಿ, ತುರ್ತುನಿಗಾ ಘಟಕದಲ್ಲಿ ಕನಿಷ್ಠ ಒಂದು ವರ್ಷದ ಅನುಭವ, ಅದರ ಮೇಲೆ ಸುಮಾರು ಮೂರು ವರ್ಷದ ಓದು. 2022ರಿಂದ ಸೇರುವವರಿಗೆ ಡಾಕ್ಟರೇಟ್ ಮಟ್ಟದ ಓದೇ ಕಡ್ಡಾಯ. ಪ್ರತಿ ರಾಜ್ಯದಲ್ಲೂ ಬೇರೆ ಪರವಾನಗಿ. ಪ್ರತಿ ಆಸ್ಪತ್ರೆಯೂ ಇವಳ ಓದು, ಅನುಭವ, ಹಿಂದಿನ ಮೊಕದ್ದಮೆಗಳನ್ನೆಲ್ಲ ಜಾಲಾಡುತ್ತದೆ. ಎಂಟು ವಾರದ ಕೆಲಸಕ್ಕೆ ಕಾಗದಪತ್ರ ಮುಗಿಯಲು ಎರಡು ಮೂರು ತಿಂಗಳು ಹಿಡಿದದ್ದೂ ಉಂಟಂತೆ. ತಪ್ಪಾದರೆ ಎಂದು ವಿಮೆ. ಕೆಲಸ ಬಿಟ್ಟುಬಂದ ಎಷ್ಟೋ ವರ್ಷದ ಮೇಲೆ ಯಾರಾದರೂ ದಾವೆ ಹಾಕಿದರೆ ಎಂದು ಅದಕ್ಕೊಂದು ಬೇರೆ ವಿಮೆ, ಅದರ ಹೆಸರು 'ಬಾಲ'! ನಾವೂ ಒಂದು ಊರಿಂದ ವರ್ಗವಾಗಿ ಹೋದಮೇಲೆ ಬರುವ ಆಡಿಟ್ ತಕರಾರುಗಳಿಗೆ ಇಂಥ ಬಾಲ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೆ.

"ಮೊದಲ ದಿನ ಏನು ಮಾಡುತ್ತೀಯ?" ಎಂದು ಕೇಳಿದೆ. "ಯಾರ ಹೆಸರೂ ಕೇಳುವ ಮೊದಲು ಮೂರು ವಸ್ತು ಎಲ್ಲಿವೆ ಎಂದು ಕೇಳುತ್ತೇನೆ" ಎಂದಳು. ಗಂಟಲಿನ ಕಫ, ವಾಂತಿ ಹೀರುವ ಸಕ್ಷನ್. ಉಸಿರಿನ ನಳಿಕೆ ಸುಲಭವಾಗಿ ಇಳಿಯದಿದ್ದಾಗ ಬೇಕಾಗುವ ಸಲಕರಣೆಗಳ ಗಾಡಿ. ಡ್ಯಾಂಟ್ರೊಲೀನ್ ಎಂಬ ಔಷಧಿ. ಕೆಲವು ವಂಶಗಳಲ್ಲಿ ಅಪರೂಪದ ಒಂದು ದೋಷವಿರುತ್ತದಂತೆ. ಕೆಲವು ಅರಿವಳಿಕೆ ಔಷಧಿ ತಾಗಿದ ಕೂಡಲೇ ಸ್ನಾಯುಗಳು ಬಿಗಿದು ಮೈ ಕಾದ ಹಂಚಿನಂತೆ ಏರುತ್ತದೆ. ಈ ಔಷಧಿ ಬರುವ ಮುಂಚೆ ಹಾಗಾದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ನೋಡದೆ ಇರಬಹುದಾದ ಕಾಯಿಲೆ, ಆದರೂ ಪ್ರತಿ ಹೊಸ ಆಸ್ಪತ್ರೆಯಲ್ಲೂ ಆ ಡಬ್ಬಿಯನ್ನು ಕಣ್ಣಾರೆ ನೋಡದೆ ಅವಳು ಕೆಲಸ ಶುರುಮಾಡುವುದಿಲ್ಲ. ಒಂದೊಂದು ಆಸ್ಪತ್ರೆಯಲ್ಲಿ ಔಷಧಿಯ ಡ್ರಾಯರಿನ ಜೋಡಣೆ ಒಂದೊಂದು ಥರ. ಹಳೆಯ ಕೆಲಸದ ಅಭ್ಯಾಸಕ್ಕೆ ಕೈ ತಾನಾಗಿ ಎರಡನೆಯ ಖಾನೆಗೆ ಹೋಗುತ್ತದೆ. ಇಲ್ಲಿ ಅಲ್ಲಿ ಬೇರೆಯದೇ ಔಷಧಿ ಇರುತ್ತದೆ. "ಅದಕ್ಕೆ ಹೊಸ ಊರಿನಲ್ಲಿ ನನ್ನ ಕೈಯನ್ನು ನಾನೇ ನಂಬುವುದಿಲ್ಲ. ಪ್ರತಿ ಸಲ ಲೇಬಲ್ ಗಟ್ಟಿಯಾಗಿ ಓದುತ್ತೇನೆ. ಅಲ್ಲಿನವರು ನಗುತ್ತಾರೆ" ಎಂದಳು.

ಸಂಬಳ ಚೆನ್ನಾಗಿದೆ. ಅದನ್ನು ಅವಳು ಮುಚ್ಚಿಡಲಿಲ್ಲ. ತಮ್ಮನ ಓದು, ತಂಗಿಯ ಮದುವೆ, ಊರಿನ ಮನೆಯ ತಾರಸಿ ಎಲ್ಲ ಇದರಿಂದಲೇ ಆಯಿತು. ಅಲ್ಲೇ ಇದ್ದು ದುಡಿಯುವ ನರ್ಸಿಗಿಂತ ನಾಲ್ಕು ದಿನಕ್ಕೆ ಬಂದವಳಿಗೆ ಹೆಚ್ಚು ಹಣ. ಹಾಗಾಗಿ ಊಟದ ಕೋಣೆಯಲ್ಲಿ ಪಕ್ಕದ ಕುರ್ಚಿ ಕೆಲವೊಮ್ಮೆ ಖಾಲಿಯಾಗಿಯೇ ಉಳಿಯುತ್ತದೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ ಎಂದು ನನಗೆ ಅನ್ನಿಸಿತು. ಸಣ್ಣ ಆಸ್ಪತ್ರೆಯ ಚೀಲವೂ ಸಣ್ಣದು. ಬದಲಿಯವರಿಗೆ ಕೊಟ್ಟು ಕೊಟ್ಟು ಕಾಯಂ ಆದವರಿಗೆ ಕೊಡಲು ಉಳಿಯದಿದ್ದರೆ ಕಾಯಂ ಆಗಿ ಯಾರು ಇರುತ್ತಾರೆ? ಇದನ್ನು ಹೇಳಿದಾಗ ಅವಳು ಮಾತಾಡಲಿಲ್ಲ. ಲೋಟ ತಿರುಗಿಸುತ್ತ ಕೂತಳು. ಆಮೇಲೆ, "ಒಂದು ಕಡೆ ಕಾಯಂ ಇದ್ದೆ ಮೇಡಂ. ಮೂರು ವರ್ಷ. ಅಮ್ಮನ ಆಪರೇಷನ್ನಿಗೆ ಬರಲು ರಜೆ ಕೊಡಲಿಲ್ಲ" ಎಂದಳು. ಕರಾರುಗಳ ನಡುವೆ ಈಗ ತಿಂಗಳುಗಟ್ಟಲೆ ಊರಿಗೆ ಬರಬಹುದು. ಅಮ್ಮ ಈಗ ಇಲ್ಲ.

ಕಳೆದ ಚಳಿಗಾಲದ ಒಂದು ಸಂಗತಿ ಹೇಳಿದಳು. ಉತ್ತರ ಡಕೋಟಾದ ಒಂದು ಊರು, ರಾತ್ರಿ ಎರಡು ಗಂಟೆ, ಹಿಮ. ಕರೆ ಬಂದರೆ ಅರ್ಧ ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು ಎಂಬುದು ಕರಾರು; ಅದಕ್ಕೇ ಆಸ್ಪತ್ರೆಯ ಎದುರಿನ ರಸ್ತೆಯಲ್ಲೇ ಕೋಣೆ ಹಿಡಿದಿದ್ದಳು. ಮಗುವಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಸಿಸೇರಿಯನ್ ಆಗಬೇಕು. ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ಹೆದ್ದಾರಿಯೇ ಮುಚ್ಚಿದೆ. ಮೇಜಿನ ಮೇಲೆ ಮಲಗಿದ ಹೆಂಗಸು ಇವಳನ್ನು ನೋಡಿ, "ನೀನು ಇಲ್ಲಿಯವಳಲ್ಲ ಅಲ್ಲವೆ? ಬಂದು ಎಷ್ಟು ದಿನವಾಯಿತು?" ಎಂದು ಕೇಳಿದಳಂತೆ. "ನೀನೇನು ಹೇಳಿದೆ?" ಎಂದೆ. "ಮೂರನೆಯ ದಿನ ಎಂದೆ. ಸುಳ್ಳು ಹೇಳಿದರೆ ನಾಡಿ ನನ್ನದೇ ಏರುತ್ತದೆ. ಅವಳು ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಿಡಿಸಿಕೊಂಡು ಒಂದೇ ಕೈಯಲ್ಲಿ ಹೇಗೆ ಕೆಲಸ ಮಾಡಲಿ? ಅಲ್ಲಿಯ ನರ್ಸ್ ಬಂದು ತನ್ನ ಕೈಯನ್ನು ಬದಲಿಗೆ ಕೊಟ್ಟಳು." ಊಟದ ಕೋಣೆಯಲ್ಲಿ ಪಕ್ಕ ಕೂರದೆ ಇದ್ದವಳು ಅವಳೇ. ತಾಯಿ ಮಗು ಉಳಿದವು.

ಈಗ ನನ್ನ ರಾತ್ರಿಯ ಮಾತು. 1998ರ ಜುಲೈ. ತಾಲ್ಲೂಕು ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಹೆರಿಗೆಗೆ ಸೇರಿದ್ದೆ. ಸಂಜೆ ಆರಕ್ಕೆ ಸಿಸೇರಿಯನ್ ಆಗಬೇಕೆಂದು ಹೇಳಿದರು. ಆದದ್ದು ರಾತ್ರಿ ಹತ್ತಕ್ಕೆ. ಶಸ್ತ್ರವೈದ್ಯೆ ಇದ್ದರು, ಕೋಣೆ ಸಿದ್ಧವಿತ್ತು, ಅರಿವಳಿಕೆಯವರು ಇರಲಿಲ್ಲ. ನಮ್ಮ ಸಣ್ಣ ಊರುಗಳಲ್ಲಿ ಅವರು ಇರುವುದು ಜಿಲ್ಲಾ ಕೇಂದ್ರದಲ್ಲಿ. ಕರೆದ ಕಡೆಗೆಲ್ಲ ಸ್ವಂತ ಚೀಲ ಹಿಡಿದು ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಒಂದು ಊರು, ರಾತ್ರಿ ಇನ್ನೊಂದು ಎಂದು ಓಡಾಡುತ್ತಾರೆ. ಅಂದು ಹೊಳೆ ತುಂಬಿ ಸೇತುವೆಯ ಮೇಲೆ ನೀರು. ನಮ್ಮವರು ಹೊರಗೆ ರಸ್ತೆಯಲ್ಲಿ ನಿಂತು ಪ್ರತಿ ಬೆಳಕನ್ನೂ ನೋಡುತ್ತಿದ್ದರಂತೆ. ಆ ನಾಲ್ಕು ಗಂಟೆಗಳ ಬಗ್ಗೆ ನಾನು ಬರೆಯಲಾರೆ. ಆ ಮಧ್ಯಾಹ್ನ ಪಕ್ಕದ ಕೋಣೆಯಲ್ಲಿದ್ದವಳ ಮಗು ಉಳಿದಿರಲಿಲ್ಲ. ಕಾರಣ ಯಾರೂ ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಕೊನೆಗೆ ಒದ್ದೆಯಾದ ಶರ್ಟಿನಲ್ಲಿ ಒಬ್ಬರು ಬಂದರು. ಬಟ್ಟೆ ಬದಲಿಸಿ ಬಂದು ಬೆನ್ನಿಗೆ ಸೂಜಿ ಹಾಕಿ ತಲೆಯ ಬಳಿ ನಿಂತರು. ನನಗೆ ಹಲ್ಲು ಕಟಕಟ ಎನ್ನುತ್ತಿತ್ತು. "ಏನು ಪಾಠ ಮಾಡ್ತೀರಿ?" ಎಂದರು. ಚರಿತ್ರೆ ಎಂದೆ. "ಹಾಗಾದರೆ ವಿಜಯನಗರ ಆಳಿದ ವಂಶಗಳನ್ನು ಸರಿಯಾಗಿ ಹೇಳಿ ನೋಡೋಣ." ಸಂಗಮ, ಸಾಳುವ, ತುಳುವ, ಅರವೀಡು ಎಂದೆ. "ತುಳುವದಲ್ಲಿ ಕೃಷ್ಣದೇವರಾಯನ ಮುಂಚೆ ಯಾರು?" ವೀರನರಸಿಂಹ ಎಂದೆ. ಅವನಿಗೂ ಮುಂಚೆ ಎಂದು ಕೇಳುವಷ್ಟರಲ್ಲಿ ಮಗು ಅತ್ತಿತು. ಬೆಳಿಗ್ಗೆ ನಮ್ಮವರು ಕೃತಜ್ಞತೆ ಹೇಳಲು ಹುಡುಕಿದರೆ ಅವರು ರಾತ್ರಿಯೇ ಇನ್ನೊಂದು ಊರಿಗೆ ಹೋಗಿಯಾಗಿತ್ತು. ಮುಖವೆಲ್ಲ ಮುಸುಕಿನಲ್ಲಿದ್ದುದರಿಂದ ದಾರಿಯಲ್ಲಿ ಎದುರಾದರೂ ನನಗೆ ಗುರುತು ಸಿಗುವುದಿಲ್ಲ. ಆಲಿಸ್ ಮಗಾ ಹನಿ ಬಿಡುತ್ತ ಮಾತಾಡುತ್ತಿದ್ದಳು ಎಂದು ಓದಿದಾಗ ಅವರ ದನಿ ಮಾತ್ರ ಕಿವಿಯಲ್ಲಿ ಕೇಳಿತು.

ನಮ್ಮ ಸರ್ಕಾರವೂ ಈ ಕೊರತೆಯನ್ನು ಬಲ್ಲದು. ಹೆರಿಗೆಯ ತುರ್ತಿಗೆಂದು ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆ ಮಾಡಿತು. ನರ್ಸುಗಳಿಗೆ ಕೊಡುವ ಮಾತು ನಮ್ಮಲ್ಲಿ ಬೇರೂರಲಿಲ್ಲ. ಮಂಗಳೂರಿನಲ್ಲಿ ಓದಿದ ನನ್ನ ಹುಡುಗಿ ತಾನು ಕಲಿತ ಕೆಲಸವನ್ನು ತನ್ನ ಊರಿನಲ್ಲಿ ಮಾಡುವಂತಿಲ್ಲ. ನಾನು ಕೇಳುವ ಮೊದಲೇ ಅವಳು ಅದನ್ನು ಹೇಳಿದಳು, ದೂರಿನ ದನಿಯಲ್ಲೇನೂ ಅಲ್ಲ.

ಹೋದ ವಾರ ಫೋನ್ ಮಾಡಿದ್ದಳು. ಈ ಸಲ ನೆಬ್ರಾಸ್ಕಾದಲ್ಲಿ ಎಂಟು ವಾರ. ಸುತ್ತಲಿನ ಎಷ್ಟೋ ಆಸ್ಪತ್ರೆಗಳು ಹೆರಿಗೆ ವಾರ್ಡು ಮುಚ್ಚಿಬಿಟ್ಟಿವೆಯಂತೆ. ಇದು ಇನ್ನೂ ಮುಚ್ಚಿಲ್ಲ. ಡ್ಯಾಂಟ್ರೊಲೀನ್ ಎಲ್ಲಿದೆ ಎಂದು ಕೇಳಿದೆ. "ಬಾಗಿಲ ಹಿಂದಿನ ಕೆಂಪು ಪೆಟ್ಟಿಗೆಯಲ್ಲಿ ಮೇಡಂ. ನೋಡಿಕೊಂಡೆ" ಎಂದಳು.